ಲಿಂಟ್ ರೂಲ್ಸ್ ಎಲ್ಲಾ ಒಟ್ಟಿಗೆ ಹಾಕಿ ಬೈಸಿಕೊಂಡಿದ್ದು

ನಮ್ಮ ಟೀಮ್‌ನಲ್ಲಿ ಬಟನ್, ಟೇಬಲ್, ಡೇಟ್ ಪಿಕರ್ ಎಲ್ಲವೂ ವೆಬ್ ಕಾಂಪೊನೆಂಟ್, ಅಂದರೆ ನಾವೇ ಹೆಸರಿಟ್ಟ ಎಚ್‌ಟಿಎಮ್‌ಎಲ್ ಟ್ಯಾಗ್‌ಗಳು. ಬೆಳ್ಳಂದೂರಲ್ಲಿ ಕೂತು ನಾವು ಬರೆಯುತ್ತೇವೆ, ಬೇರೆ ಟೀಮ್‌ನವರು ತಮ್ಮ ಪೇಜ್‌ಗಳಲ್ಲಿ ಬಳಸುತ್ತಾರೆ. ಹೋದ ವರ್ಷ ಲಿಂಟಿಂಗ್ ಕೆಲಸ, ಅಂದರೆ ಕೋಡ್ ಓಡಿಸುವ ಮೊದಲೇ ರೂಲ್ ಹಾಕಿ ತಪ್ಪು ಹುಡುಕಿಸೋದು, ನನ್ನ ತಲೆಗೆ ಬಂತು. ಹುಮ್ಮಸ್ಸಿನಲ್ಲಿ ಜಾವಾಸ್ಕ್ರಿಪ್ಟ್‌ಗೆ ಆ ಕೆಲಸ ಮಾಡುವ ಇಎಸ್‌ಲಿಂಟ್ 9 ಹಾಕಿ, ಸಿಕ್ಕ ಪ್ಲಗಿನ್‌ಗಳನ್ನೆಲ್ಲ ಸೇರಿಸಿ, ಎಲ್ಲಾ ರೂಲ್‌ಗಳನ್ನೂ 'ಎರರ್' ಅಂತ ಇಟ್ಟು, ಶುಕ್ರವಾರ ಸಂಜೆ ಎಲ್ಲರೂ ಬಳಸುವ ಕೋಡಿಗೆ ಮರ್ಜ್ ಮಾಡಿ ಮನೆಗೆ ಹೊರಟೆ. ಇಬ್ಲೂರು ಸಿಗ್ನಲ್ ದಾಟಿರಲಿಲ್ಲ, ಫೋನ್ ಬಡಿದುಕೊಳ್ಳೋಕೆ ಶುರುವಾಯಿತು. ಯಾರ ಬಿಲ್ಡೂ ಪಾಸ್ ಆಗುತ್ತಿಲ್ಲ! ಸೋಮವಾರ ಬಂದು ನೋಡಿದರೆ ಅರ್ಧ ಫೈಲ್‌ಗಳ ನೆತ್ತಿಯ ಮೇಲೆ 'ಇಲ್ಲಿ ನೋಡಬೇಡ' ಅನ್ನೋ ಇಎಸ್‌ಲಿಂಟ್-ಡಿಸೇಬಲ್ ಕಾಮೆಂಟ್ ಅಂಟಿಸಿದ್ದರು.

ತಪ್ಪು ಅವರದ್ದಲ್ಲ. ಬಂದ ಎರರ್‌ಗಳಲ್ಲಿ ಮುಕ್ಕಾಲು ಪಾಲು ಸ್ಪೇಸು, ಕೋಟು, ಸೆಮಿಕೋಲನ್ನು. ಆ ಜಾತಿಯ ರೂಲ್‌ಗಳನ್ನು ಇಎಸ್‌ಲಿಂಟ್‌ನವರೇ 2023ರಲ್ಲಿ ಡಿಪ್ರಿಕೇಟ್ ಮಾಡಿದ್ದಾರೆ (ಇನ್ನು ಬಳಸಬೇಡಿ ಅಂದಿದ್ದಾರೆ), ಅದೆಲ್ಲ ಕೋಡನ್ನು ತಾನೇ ಒಪ್ಪವಾಗಿ ಜೋಡಿಸುವ ಪ್ರಿಟಿಯರ್ ನೋಡಿಕೊಳ್ಳುತ್ತೆ. ನಾನು ಸುಮ್ನೆ ಗಲಾಟೆ ಎಬ್ಬಿಸಿದ್ದೆ.

ಆ ಗಲಾಟೆಯಲ್ಲಿ ಒಂದು ನಿಜವಾದ ಎರರ್ ಮುಚ್ಚಿಹೋಗಿತ್ತು. ನಮ್ಮ ಟೇಬಲ್ ಕಾಂಪೊನೆಂಟ್, ಪೇಜಿಗೆ ಬಂದಾಗ ಓಡುವ ಕನೆಕ್ಟೆಡ್‌ಕಾಲ್‌ಬ್ಯಾಕ್ ಒಳಗೆ ವಿಂಡೋಗೆ ರಿಸೈಜ್ ಲಿಸನರ್ (ವಿಂಡೋ ಅಳತೆ ಬದಲಾದಾಗೆಲ್ಲ ಓಡುವ ಫಂಕ್ಷನ್) ಹಾಕುತ್ತಿತ್ತು, ಪೇಜಿಂದ ಹೋಗುವಾಗ ಓಡುವ ಡಿಸ್‌ಕನೆಕ್ಟೆಡ್‌ಕಾಲ್‌ಬ್ಯಾಕ್‌ನಲ್ಲಿ ತೆಗೆಯುತ್ತಿರಲಿಲ್ಲ. ಟ್ಯಾಬ್ ಬದಲಾಯಿಸಿದಾಗೆಲ್ಲ ಹಳೇ ಟೇಬಲ್ ಪೇಜಿಂದ ಹೋಗುತ್ತೆ, ಅದರ ಲಿಸನರ್ ಮಾತ್ರ ವಿಂಡೋಗೆ ಜೋತುಬಿದ್ದಿರುತ್ತೆ, ಹೊಸ ಟೇಬಲ್ ಬಂದು ತನ್ನದೊಂದು ಸೇರಿಸುತ್ತೆ. ಮಧ್ಯಾಹ್ನದ ಹೊತ್ತಿಗೆ ಪೇಜ್ ತೆವಳುತ್ತಿತ್ತು. ಒಬ್ಬರು ಫಿಕ್ಸ್ ಅಂತ ಕಳಿಸಿದ್ದರಲ್ಲಿ ಲಿಸನರ್ ಹಾಕುವಾಗ ಅಲ್ಲೇ ಬರೆದ, ಹೆಸರಿಲ್ಲದ ಒಂದು ಆರೋ ಫಂಕ್ಷನ್, ತೆಗೆಯುವಾಗ ಅದೇ ತರಹದ ಇನ್ನೊಂದು. ನೋಡೋಕೆ ಒಂದೇ, ಬ್ರೌಸರ್‌ಗೆ ಎರಡೂ ಬೇರೆ ಬೇರೆ. ಏನೂ ತೆಗೆದಂತಾಗಲಿಲ್ಲ.

ಎಲ್ಲಾ ಕಿತ್ತುಹಾಕಿ, ನಮಗೆ ಒಮ್ಮೆಯಾದರೂ ಕಚ್ಚಿದ್ದಕ್ಕೆ ಮಾತ್ರ ರೂಲ್ ಇಟ್ಟೆ. ಲಿಸನರ್ ತೆಗೆಯುವುದು ಮೊದಲನೆಯದು. ಕಾಂಪೊನೆಂಟ್ ಹುಟ್ಟುವಾಗ ಓಡುವ ಕನ್‌ಸ್ಟ್ರಕ್ಟರ್‌ನಲ್ಲಿ ಆಟ್ರಿಬ್ಯೂಟ್ (ಟ್ಯಾಗ್ ಒಳಗೆ ಬರೆಯುವ ಬೆಲೆ) ಮುಟ್ಟಬಾರದು ಅನ್ನೋದು ಎರಡನೆಯದು: ಎಚ್‌ಟಿಎಮ್‌ಎಲ್‌ನಲ್ಲಿ ಮೊದಲೇ ಇರುವ ಟ್ಯಾಗ್‌ಗೆ ಸ್ಕ್ರಿಪ್ಟ್ ಆಮೇಲೆ ಬಂದರೆ ಆಟ್ರಿಬ್ಯೂಟ್ ಸಿಗುತ್ತೆ, ಸ್ಕ್ರಿಪ್ಟ್ ಒಳಗೇ ಕ್ರಿಯೇಟ್‌ಎಲಿಮೆಂಟ್‌ನಿಂದ ಹುಟ್ಟಿಸಿದರೆ ನಲ್, ಅಂದರೆ ಏನೂ ಇಲ್ಲ. ನಮ್ಮ ಡೆಮೊದಲ್ಲಿ ಓಡುತ್ತೆ, ಪಕ್ಕದ ಟೀಮ್‌ನಲ್ಲಿ ಓಡಲ್ಲ, ಬೈಗುಳ ನಮಗೆ. ಮೂರನೆಯದು ಹೆಸರಿನದು. ಟ್ಯಾಗ್ ಹೆಸರಲ್ಲಿ ಹೈಫನ್ ಇರಲೇಬೇಕು, ಅದನ್ನು ಬ್ರೌಸರೇ ಹೇಳುತ್ತೆ ಬಿಡಿ, ಹೆಸರಿನ ಶುರುವಲ್ಲಿ ನಮ್ಮ ಟೀಮ್‌ನ ಪ್ರಿಫಿಕ್ಸ್ ಇಲ್ಲದಿದ್ದರೆ ಹೇಳೋಕೆ ಒಂದು ಸಣ್ಣ ರೂಲ್ ನಾನೇ ಬರೆದೆ. ಪ್ರತಿ ರೂಲ್ ಮೇಲೆ ಅದಕ್ಕೆ ಕಾರಣವಾದ ಬಗ್ ನಂಬರ್ ಕಾಮೆಂಟ್‌ನಲ್ಲಿದೆ. ಕಮಿಟ್ ಮಾಡುವಾಗ ಬದಲಾದ ಫೈಲ್‌ಗಳಿಗಷ್ಟೇ ಓಡುತ್ತೆ.

ಬಿಲ್ಡ್ ನಿಲ್ಲಿಸದೆ ಬರೀ ಎಚ್ಚರಿಸುವ 'ವಾರ್ನ್' ಅಂತ ಇನ್ನೂ ಒಂದು ರೂಲ್ ಉಳಿದಿದೆ. ಆ ಹಳದಿ ಸಾಲನ್ನು ಯಾರೂ ಓದುವುದಿಲ್ಲ. ನಾನೂ ಓದುವುದಿಲ್ಲ. ಈ ವಾರ ತೆಗೆಯಬೇಕು.