ಹೊಸ ಹಾವನ್ನು ಎಷ್ಟು ದಿನಕ್ಕೆ ಕೈಗೆತ್ತಿಕೊಳ್ಳಬಹುದು?

ಅಮೆರಿಕದ ಮಿಶಿಗನ್‌ನ ನಮ್ಮ ಮನೆಯಲ್ಲಿ ಬಾಲ್ ಪೈಥಾನ್ ಅನ್ನೋ ಹೆಬ್ಬಾವಿದೆ ಅಂತ ಗೊತ್ತಾದವರೆಲ್ಲ ಕೇಳುವ ಪ್ರಶ್ನೆ ಇದು. ಹೊಸದಾಗಿ ಹಾವು ತಂದ ಗೆಳೆಯರಂತೂ ಅದೇ ಸಂಜೆ ಫೋನ್ ಮಾಡುತ್ತಾರೆ. ನನ್ನ ಉತ್ತರ: ದಿನ ಎಣಿಸಬೇಡಿ, ಊಟ ಎಣಿಸಿ. ಅದು ಮೂರು ಸಲ ಸರಿಯಾಗಿ ತಿನ್ನಲಿ, ಆಮೇಲೆ ಮುಟ್ಟಿ. (ಊರಿನಿಂದ ಕೇಳುವವರಿಗೆ ಒಂದು ಮಾತು: ಕೇರೆ, ನಾಗರ, ನಮ್ಮ ಹೆಬ್ಬಾವು ಯಾವುದನ್ನೂ ಮನೆಯಲ್ಲಿ ಸಾಕುವ ಹಾಗಿಲ್ಲ. ಭಾರತದ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.)

ಬಾಲ್ ಪೈಥಾನ್ ಆಫ್ರಿಕಾದ್ದು. ಹಗಲೆಲ್ಲ ಇಲಿ ಬಿಲದಲ್ಲೋ ಹುತ್ತದಲ್ಲೋ ಮುದುರಿಕೊಂಡಿದ್ದು ಕತ್ತಲಾದ ಮೇಲೆ ಹೊರಡುತ್ತದೆ. ಹೆದರಿದರೆ ತಲೆಯನ್ನು ಒಳಗಿಟ್ಟು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ, ಹೆಸರು ಬಂದಿದ್ದೇ ಅದರಿಂದ. ಡಬ್ಬಿಯಲ್ಲಿ ಅಲುಗಾಡುತ್ತ ಬಂದು, ಗೊತ್ತಿಲ್ಲದ ವಾಸನೆ ನಡುವೆ ಬಿದ್ದ ಹಾವಿಗೆ ಮೇಲಿನಿಂದ ಇಳಿಯುವ ಕೈ ಕಂಡರೆ ಹದ್ದೇ ಬಂದ ಹಾಗೆ. ನಮ್ಮ ಹಾವು ತಂದಾಗ ನನಗೆ ಇದು ತಿಳಿದಿರಲಿಲ್ಲ. ಎರಡನೇ ದಿನವೇ ಎತ್ತಿ ಮನೆಗೆ ಬಂದವರಿಗೆಲ್ಲ ತೋರಿಸಿದೆ. ಏಳು ವಾರ ಅದು ಏನೂ ತಿನ್ನಲಿಲ್ಲ. ಪಾಪ, ಈಗಲೂ ನೆನೆದರೆ ಬೇಜಾರಾಗುತ್ತದೆ.

ಹಾವು ಬರುವ ಮೊದಲೇ ಪೆಟ್ಟಿಗೆ ಸಿದ್ಧವಿರಲಿ. ಒಂದು ತುದಿ 31-32 ಡಿಗ್ರಿ ಸೆಲ್ಸಿಯಸ್, ಇನ್ನೊಂದು 25-26. ಎರಡೂ ತುದಿಯಲ್ಲಿ ಅಡಗಲು ಒಂದೊಂದು ಗೂಡು ಬೇಕು, ಅದೂ ಮೈ ಗೋಡೆಗೆ ತಾಗುವಷ್ಟು ಇಕ್ಕಟ್ಟಾಗಿ, ಯಾಕಂದ್ರೆ ಒಂದೇ ಗೂಡಿದ್ದರೆ ಅದು ಬಿಸಿ ಬೇಕೋ ಬಚ್ಚಿಟ್ಟುಕೊಳ್ಳಬೇಕೋ ಅಂತ ಒಂದನ್ನು ಬಿಡಬೇಕಾಗುತ್ತದೆ. ಥರ್ಮೋಸ್ಟ್ಯಾಟ್ (ಬಿಸಿ ಮಿತಿ ಮೀರದಂತೆ ತಡೆಯುವ ಸಾಧನ) ಇಲ್ಲದೆ ಹೀಟ್ ಮ್ಯಾಟ್ (ಕರೆಂಟಿನಿಂದ ಬಿಸಿಯಾಗುವ ಹಾಸು) ಹಾಕಲೇಬೇಡಿ, ಹಾವಿನ ಹೊಟ್ಟೆ ಸುಡುತ್ತದೆ. ಇಲ್ಲಿ ಚಳಿಗಾಲದಲ್ಲಿ ಹೀಟರ್‌ನಿಂದ ಮನೆ ಒಣಗಿಹೋಗುತ್ತದೆ, ಅದಕ್ಕೆ ಗೂಡಿನೊಳಗೆ ಒದ್ದೆ ಪಾಚಿ (ಮಾಸ್) ಇಟ್ಟು ತೇವ 60 ಪರ್ಸೆಂಟ್‌ಗಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳುತ್ತೇನೆ.

ಮೊದಲ ವಾರ ನೀರು ಬದಲಿಸಿ, ಗಲೀಜಿದ್ದರೆ ತೆಗೆಯಿರಿ, ಅಷ್ಟೇ. ಸುಮ್ನೆ ಇಣುಕುವುದೂ ಬೇಡ. ವಾರ ಕಳೆದ ಮೇಲೆ ಒಂದು ರಾತ್ರಿ, ಫ್ರೀಜರ್‌ನಲ್ಲಿಟ್ಟ ಸತ್ತ ಇಲಿಯ ಹಿಮವನ್ನು ಪೂರ್ತಿ ಕರಗಿಸಿ, ಬಿಸಿನೀರಲ್ಲಿ ಬೆಚ್ಚಗೆ ಮಾಡಿ, ಉದ್ದ ಚಿಮಟದಲ್ಲಿ ಗೂಡಿನ ಬಾಯಿಗೆ ಹಿಡಿಯಿರಿ. ತಿನ್ನದಿದ್ದರೆ ತೆಗೆದುಬಿಡಿ, ಮುಂದಿನ ವಾರ ನೋಡಿದರಾಯಿತು. ಆದರೆ ತೂಕ ಇಳಿಯುತ್ತಿದ್ದರೆ ಕಾಯದೆ ಹಾವು ನೋಡುವ ವೈದ್ಯರ ಹತ್ತಿರ ಹೋಗಿ. ತಿಂದ ಮೇಲೆ ಎರಡು ದಿನ ಮುಟ್ಟಬೇಡಿ, ಕಕ್ಕಿಬಿಡುತ್ತದೆ. ಕಣ್ಣು ಹಾಲು ಬೆರೆಸಿದ ನೀಲಿ ಬಣ್ಣಕ್ಕೆ ತಿರುಗಿದ್ದರೆ ಪೊರೆ ಬಿಡುವವರೆಗೂ ಬೇಡ.

ನಮ್ಮದು ಎಂಟನೇ ವಾರದಲ್ಲಿ ಮೊದಲ ಸಲ ತಿಂದಿತು. ಮೂಗಿನ ತುದಿ ಮಾತ್ರ ಹೊರಗಿತ್ತು, ನಾಲಿಗೆ ನಿಧಾನಕ್ಕೆ ಆಡುತ್ತಿತ್ತು, ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಫಟ್ ಅಂತ ಹಿಡಿದು ಮೂರು ಸುತ್ತು ಸುತ್ತಿತು. ಮೂರನೇ ಊಟವಾಗಿ ಎರಡು ದಿನ ಬಿಟ್ಟು, ಪಕ್ಕದಿಂದ ಕೈ ಹಾಕಿ, ನಡುಮೈಗೆ ಆಸರೆ ಕೊಟ್ಟು ಎತ್ತಿದೆ. ಐದೇ ನಿಮಿಷ. ಚೆಂಡಾಗಲಿಲ್ಲ. ನಾಲಿಗೆ ಆಡಿಸುತ್ತ ಮೊಣಕೈವರೆಗೆ ಹರಿದುಬಂತು.