ಕಾಫಿ ಹೂವಿನ ಫೋಟೋಗಳನ್ನು ವಿಡಿಯೋ ಮಾಡುವುದು ಹೇಗೆ?

"ಇದನ್ನು ಯಾವ ಆ್ಯಪ್‌ನಲ್ಲಿ ಮಾಡಿದ್ದು ಅಕ್ಕಾ?"

ತೋಟದಲ್ಲಿ ಕಾಫಿ ಮೊಗ್ಗು ಅರಳುವ ಪುಟ್ಟ ವಿಡಿಯೋ ಹಾಕಿದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಸೋಮವಾರಪೇಟೆಯವರೂ ಕೇಳುತ್ತಾರೆ, ವಿರಾಜಪೇಟೆಯವರೂ ಕೇಳುತ್ತಾರೆ. ಆ್ಯಪ್ ಯಾವುದೂ ಇಲ್ಲ. ಕ್ಯಾಮೆರಾದಲ್ಲಿ ಒಂದೊಂದೇ ಫೋಟೋ ತೆಗೆಯುತ್ತೇನೆ. ಆಮೇಲೆ ಲ್ಯಾಪ್‌ಟಾಪಿನ ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ ತೆರೆದು ಒಂದು ಸಾಲು ಟೈಪ್ ಮಾಡುತ್ತೇನೆ. ಎಫ್‌ಎಫ್‌ಎಂಪೆಗ್ ಅನ್ನುವ ತಂತ್ರಾಂಶ ಉಳಿದ ಕೆಲಸ ಮಾಡುತ್ತದೆ. ಫ್ಯಾಬ್ರಿಸ್ ಬೆಲ್ಲಾರ್ಡ್ ಎಂಬ ಫ್ರಾನ್ಸಿನ ಪ್ರೋಗ್ರಾಮರ್ 2000ನೇ ಇಸವಿಯಲ್ಲಿ ಶುರು ಮಾಡಿದ್ದು ಅದು. ಪೂರ್ತಿ ಉಚಿತ. ಒಮ್ಮೆ ಹಾಕಿಕೊಂಡರೆ ನೆಟ್ ಬೇಡ. ಮಳೆಗಾಲದಲ್ಲಿ ಗಾಳಿ ಬೀಸಿ ಮರ ಬಿದ್ದು ಕರೆಂಟೂ ಇಲ್ಲ, ಸಿಗ್ನಲ್ಲೂ ಇಲ್ಲ ಅನ್ನುವ ದಿನಗಳಲ್ಲಿ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲೇ ಕೆಲಸ ಮುಗಿಯುತ್ತದೆ. ನಮ್ಮ ಕಡೆ ಇದು ಸಣ್ಣ ಅನುಕೂಲ ಅಲ್ಲ.

ನಿಧಾನವಾಗಿ ನಡೆಯುವುದನ್ನು ವೇಗವಾಗಿ ತೋರಿಸುವ ಟೈಮ್‌ಲ್ಯಾಪ್ಸ್ ಫೋನಿನಲ್ಲೇ ಇದೆಯಲ್ಲ, ಅದು ಸಾಲದಾ ಅಂತ ಕೆಲವರು ಕೇಳುತ್ತಾರೆ. ಸುಮ್ನೆ ನೋಡಿ ಖುಷಿಪಡಲು ಸಾಕು. ಆದರೆ ಸಾಮಾನ್ಯವಾಗಿ ಅದು ನೇರವಾಗಿ ವಿಡಿಯೋ ಮಾಡಿಬಿಡುತ್ತದೆ, ಬಿಡಿ ಫೋಟೋಗಳು ಉಳಿಯುವುದಿಲ್ಲ. ವೇಗ ಜಾಸ್ತಿ ಆಯಿತು ಅನಿಸಿದರೆ ಆ ಹೂವನ್ನು ಮತ್ತೆ ಅರಳಿಸಲು ಆಗುವುದಿಲ್ಲ ಅಲ್ವಾ? ಬಿಡಿ ಫೋಟೋಗಳು ಕೈಯಲ್ಲಿದ್ದರೆ ಅದೇ ಹೂವನ್ನು ಬೇಕಾದ ವೇಗದಲ್ಲಿ ಎಷ್ಟು ಸಲ ಬೇಕಾದರೂ ವಿಡಿಯೋ ಮಾಡಬಹುದು.

ಕಮಾಂಡಿಗಿಂತ ಮೊದಲು ಲೆಕ್ಕ. ನನಗೆ ಈ ಕೆಲಸದಲ್ಲಿ ತುಂಬ ಇಷ್ಟವಾದ ಭಾಗ ಇದೇ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಹೂ ಮಳೆ ಬೀಳುತ್ತದೆ, ಇಲ್ಲದಿದ್ದರೆ ತೋಟದವರು ಸ್ಪ್ರಿಂಕ್ಲರ್ ಹಾಕುತ್ತಾರೆ. ನೀರು ಬಿದ್ದು ಎಂಟು ಹತ್ತು ದಿನಕ್ಕೆ ರೊಬಸ್ಟಾ ಗಿಡಗಳು ಬೆಳ್ಳಗಾಗುತ್ತವೆ. ಎರಡು ಮೂರು ದಿನದಲ್ಲಿ ಹೂ ಬಾಡಲು ಶುರುವಾಗುತ್ತದೆ. ಹತ್ತು ನಿಮಿಷಕ್ಕೊಂದು ಫೋಟೋ ತೆಗೆದರೆ ಹಗಲಿನ 12 ಗಂಟೆಗೆ 72 ಆಯಿತು. ಹತ್ತು ದಿನಕ್ಕೆ 720. ಸೆಕೆಂಡಿಗೆ 24 ಫೋಟೋ ಓಡಿಸಿದರೆ 30 ಸೆಕೆಂಡಿನ ವಿಡಿಯೋ. ಮಡಿಕೇರಿ ಹತ್ತಿರದ ಮಾಂದಲಪಟ್ಟಿ ಬೆಟ್ಟದಲ್ಲಿ ಮಂಜು ಸರಿಯುವುದನ್ನು ತೋರಿಸಬೇಕಾದರೆ ಹತ್ತು ನಿಮಿಷದ ಅಂತರ ಪ್ರಯೋಜನವಿಲ್ಲ. ಅಷ್ಟರಲ್ಲಿ ಇಡೀ ಕಣಿವೆ ಮುಚ್ಚಿ ತೆರೆದುಕೊಂಡಿರುತ್ತದೆ. ಅಲ್ಲಿ ಐದು ಸೆಕೆಂಡಿಗೊಂದು ಬೇಕು. ಒಂದೇ ಗಂಟೆಗೆ ಅದೇ 720 ಫೋಟೋ, ಅದೇ 30 ಸೆಕೆಂಡ್. ನೀವು ತೋರಿಸಬೇಕಾದದ್ದು ಎಷ್ಟು ಬೇಗ ಬದಲಾಗುತ್ತದೆ ಅನ್ನುವುದನ್ನು ಮೊದಲು ಕೂತು ನೋಡಿ, ಅಂತರವನ್ನು ಆಮೇಲೆ ನಿರ್ಧರಿಸಿ.

ಇನ್ನು ಆ ಒಂದು ಸಾಲು. ಫೋನಿನಲ್ಲಿ ಕೇಳುವವರಿಗೆ ನಾನು ಹೀಗೆ ಓದಿ ಹೇಳುತ್ತೇನೆ, ನೀವು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿಕೊಳ್ಳಿ: ಎಫ್‌ಎಫ್‌ಎಂಪೆಗ್, ಮೈನಸ್ ಫ್ರೇಮ್‌ರೇಟ್ 24, ಮೈನಸ್ ಐ, ಹೂ ಅಂಡರ್‌ಸ್ಕೋರ್ ಪರ್ಸೆಂಟ್ 04ಡಿ ಡಾಟ್ ಜೆಪಿಜಿ, ಮೈನಸ್ ಸಿ ಕೋಲನ್ ವಿ, ಲಿಬ್‌ಎಕ್ಸ್264, ಮೈನಸ್ ಸಿಆರ್‌ಎಫ್ 18, ಮೈನಸ್ ಪಿಕ್ಸ್ ಅಂಡರ್‌ಸ್ಕೋರ್ ಎಫ್‌ಎಂಟಿ, ವೈಯುವಿ420ಪಿ, ಕೊನೆಗೆ ಹೂ ಡಾಟ್ ಎಂಪಿ4. ನಾನು ಕಮಾ ಹಾಕಿದ ಕಡೆ ಕಮಾ ಬೇಡ, ಒಂದು ಸ್ಪೇಸ್ ಬಿಡಿ. 24, 18 ಇವುಗಳ ಮುಂಚೆಯೂ ಒಂದು ಸ್ಪೇಸ್.

ಫ್ರೇಮ್‌ರೇಟ್ ಅಂದರೆ ಸೆಕೆಂಡಿಗೆ ಎಷ್ಟು ಫೋಟೋ ಅಂತ. ಅದು ಫೋಟೋಗಳ ಹೆಸರಿಗಿಂತ ಮೊದಲೇ ಬರಬೇಕು. ಬರೆಯದಿದ್ದರೆ ತಂತ್ರಾಂಶ ತಾನೇ 25 ಅಂತ ಹಿಡಿಯುತ್ತದೆ. ಲಿಬ್‌ಎಕ್ಸ್264 ಫೋಟೋಗಳನ್ನು ಕುಗ್ಗಿಸಿ ವಿಡಿಯೋ ಮಾಡುವ ಭಾಗ. ಸಿಆರ್‌ಎಫ್ ಗುಣಮಟ್ಟದ ಅಂಕಿ, ಕಡಿಮೆಯಾದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. ತಾನಾಗಿ ಹಿಡಿಯುವುದು 23. ಹೂವಿನ ಎಸಳಿನ ಅಂಚು ನನಗೆ ಮುಖ್ಯ, ಹಾಗಾಗಿ 18. ಕೊನೆಯ ವೈಯುವಿ420ಪಿ ಅಂದರೆ ಬಣ್ಣವನ್ನು ಬರೆದಿಡುವ ರೀತಿ, ಅದನ್ನು ಬಿಡಬೇಡಿ. ಅದಿಲ್ಲದಿದ್ದರೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡಿದ ವಿಡಿಯೋ ಇನ್ನೊಬ್ಬರ ಫೋನಿನಲ್ಲಿ ಓಡದೇ ಹೋಗಬಹುದು. ಫೋಟೋದ ಅಗಲ ಅಥವಾ ಎತ್ತರ ಬೆಸ ಸಂಖ್ಯೆಯಾಗಿದ್ದರೆ ಈ ಕಮಾಂಡ್ ನಿಂತುಬಿಡುತ್ತದೆ. ಆಗ ಔಟ್‌ಪುಟ್ ಹೆಸರಿಗಿಂತ ಮುಂಚೆ ಮೈನಸ್ ವಿಎಫ್, ಸ್ಕೇಲ್ ಈಕ್ವಲ್ಸ್ 1920 ಕೋಲನ್ ಮೈನಸ್ 2 ಅಂತ ಸೇರಿಸಿ. ಅಗಲ 1920 ಆಗುತ್ತದೆ, ಎತ್ತರವನ್ನು ಅದೇ ಸಮ ಸಂಖ್ಯೆಗೆ ಹೊಂದಿಸಿಕೊಳ್ಳುತ್ತದೆ.

ಕೆಲಸ ಕೆಡುವುದು ಹೆಚ್ಚಾಗಿ ಫೈಲಿನ ಹೆಸರಿನಲ್ಲಿ. ಪರ್ಸೆಂಟ್ 04ಡಿ ಅಂದರೆ 0001, 0002 ಹೀಗೆ ನಾಲ್ಕು ಅಂಕಿಯ ಸಾಲು. ನಡುವೆ ಮಸುಕಾದ ಒಂದು ಫೋಟೋ ಅಳಿಸಿದಿರೋ, ಅಲ್ಲಿಗೇ ವಿಡಿಯೋ ಮುಗಿಯಿತು. ಸಾಲು 1203ರಿಂದ ಶುರುವಾಗಿದ್ದರೆ ಮೊದಲ ಫೋಟೋ ಸಿಗುವುದೇ ಇಲ್ಲ. ಆಗ ಮೈನಸ್ ಐಗಿಂತ ಮುಂಚೆ ಮೈನಸ್ ಸ್ಟಾರ್ಟ್ ಅಂಡರ್‌ಸ್ಕೋರ್ ನಂಬರ್ 1203 ಅಂತ ಬರೆಯಬೇಕು. ಎಷ್ಟೋ ಕ್ಯಾಮೆರಾಗಳಲ್ಲಿ 9999 ಆದ ಮೇಲೆ ಮತ್ತೆ 0001 ಬರುತ್ತದೆ, ಅರ್ಧ ಅರಳಿದ ಹೂ ಮೊಗ್ಗಿಗಿಂತ ಮುಂಚೆ ಬಂದು ಕೂರುತ್ತದೆ. ಅದಕ್ಕೇ ಎಲ್ಲ ಫೋಟೋಗಳನ್ನೂ ಬೇರೆ ಫೋಲ್ಡರಿಗೆ ಕಾಪಿ ಮಾಡಿ, ತೆಗೆದ ಸಮಯದ ಪ್ರಕಾರ ಹೊಸ ಹೆಸರು ಕೊಡಿ. ವಿಂಡೋಸ್‌ನಲ್ಲಿ ಸಮಯದ ಪ್ರಕಾರ ಜೋಡಿಸಿ, ಎಲ್ಲವನ್ನೂ ಆಯ್ದು, ಎಫ್2 ಒತ್ತಿ ಒಂದು ಹೆಸರು ಕೊಟ್ಟರೆ 1, 2, 3 ಅಂತ ಕಂಸದಲ್ಲಿ ಅಂಕಿ ಹಾಕಿಕೊಡುತ್ತದೆ. ಅದಕ್ಕೆ ಪರ್ಸೆಂಟ್ ಡಿ ಸಾಕು, ಸೊನ್ನೆ ನಾಲ್ಕು ಬೇಡ. ಹೆಸರಿನ ನಡುವೆ ಸ್ಪೇಸ್ ಬರುವುದರಿಂದ ಇಡೀ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಬರೆಯಿರಿ.

ವಿಡಿಯೋ ಮಿಣುಕುತ್ತದೆ ಅನ್ನುವವರೂ ಇದ್ದಾರೆ. ಮೋಡ ಬಂದಾಗಲೆಲ್ಲ ಕ್ಯಾಮೆರಾ ತಾನೇ ಬೆಳಕು ಹೊಂದಿಸಿಕೊಳ್ಳುವುದರಿಂದ ಹಾಗಾಗುತ್ತದೆ. ಸಿಲ್ವರ್ ಓಕ್ ನೆರಳಿನ ತೋಟದಲ್ಲಿ ಎಲೆ ಅಲ್ಲಾಡಿದರೂ ಸಾಕು. ಡಿಫ್ಲಿಕರ್ ಅನ್ನುವ ಫಿಲ್ಟರ್ ಎಫ್‌ಎಫ್‌ಎಂಪೆಗ್‌ನಲ್ಲೇ ಇದೆ, ಸಣ್ಣ ಮಿಣುಕು ಅದರಿಂದ ತಗ್ಗುತ್ತದೆ. ಆದರೂ ಫೋಟೋ ತೆಗೆಯುವಾಗಲೇ ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಮ್ಯಾನುಯಲ್‌ಗೆ ಹಾಕುವುದೇ ಸರಿಯಾದ ದಾರಿ.

ಇಷ್ಟೆಲ್ಲ ಯಾಕೆ, ಗುಂಡಿ ಒತ್ತಿದರೆ ಮಾಡಿಕೊಡುವ ಆ್ಯಪ್ ಇರುವಾಗ? ನನ್ನ ಕಾರಣ ಇದು. ಆ ಸಾಲನ್ನು ಫೋಟೋಗಳ ಫೋಲ್ಡರಿನಲ್ಲೇ ಒಂದು ಟೆಕ್ಸ್ಟ್ ಫೈಲ್ ಮಾಡಿ ಇಟ್ಟಿರುತ್ತೇನೆ. ಮುಂದಿನ ವರ್ಷ ಅದೇ ಗಿಡ, ಅದೇ ಅಂತರ, ಅದೇ ಸಾಲು. ಹೂ ಮಳೆ ಒಂದು ವರ್ಷ ಬೇಗ ಬರುತ್ತದೆ, ಇನ್ನೊಂದು ವರ್ಷ ತಡ. ಒಮ್ಮೆ ಗಿಡ ಪೂರ್ತಿ ಬಿಳಿಯಾದರೆ ಇನ್ನೊಮ್ಮೆ ಅರ್ಧಂಬರ್ಧ. ಇದನ್ನು ಬಾಯಲ್ಲಿ ಎಲ್ಲರೂ ಹೇಳುತ್ತೇವೆ, ಕಣ್ಣಿಗೆ ಕಾಣುವ ಹಾಗೆ ಇಟ್ಟುಕೊಂಡವರು ಕಡಿಮೆ. ಎಫ್‌ಎಫ್‌ಎಂಪೆಗ್‌ನ ಎಚ್‌ಸ್ಟ್ಯಾಕ್ ಫಿಲ್ಟರ್ ಎರಡು ವಿಡಿಯೋಗಳನ್ನು ಪಕ್ಕಪಕ್ಕದಲ್ಲಿ ಕೂರಿಸುತ್ತದೆ. ಎರಡರ ಎತ್ತರವೂ ಒಂದೇ ಇರಬೇಕು, ಅಷ್ಟೇ. ಮೊದಲ ಹನಿ ಬಿದ್ದ ದಿನದಿಂದ ಎರಡನ್ನೂ ಶುರು ಮಾಡಿದರೆ, ಯಾವ ವರ್ಷ ಮೊಗ್ಗು ಎಷ್ಟು ದಿನ ತಡೆದು ಅರಳಿತು ಅನ್ನುವುದು ಎದುರಿಗೇ ಕಾಣುತ್ತದೆ. ನಿಮ್ಮ ತೋಟದಲ್ಲೂ ಒಂದು ಗಿಡ ಆರಿಸಿ, ಹೂ ಮಳೆಗೆ ಮೊದಲೇ ಟ್ರೈಪಾಡ್ ನಿಲ್ಲಿಸುವ ಜಾಗಕ್ಕೆ ಗೂಟ ಹೊಡೆದಿಡಿ. ಮುಂದಿನ ವರ್ಷವೂ ಕ್ಯಾಮೆರಾ ಅಲ್ಲೇ ನಿಲ್ಲಬೇಕಲ್ಲ.