ನೆಗೆಟಿವ್ ಏನೋ ಬಂತು, ಆದ್ರೆ ಯಾರ ರಕ್ತದ್ದು?

ಸತ್ತೋರು ದಾನ ಕೊಟ್ಟ ಮೂಳೆ ಇಟ್ಟು ಬೇರೆಯವರಿಗೆ ಕೊಡೋ ಟಿಶ್ಯೂ ಬ್ಯಾಂಕಲ್ಲಿ, ಪೇಪರ್ ನೋಡಿ ಒಪ್ಪಿಗೆ ಸೈನ್ ಹಾಕೋ ರಿಲೀಸ್ ಡೆಸ್ಕ್ ಅಂದ್ರೆ ಆರಾಮಿನ ಕುರ್ಚಿ ಅಂತ ರಿಕವರಿ ಟೀಮ್‌ನೋರು ಆಡ್ಕೋತಾರೆ. ಆವತ್ತು ನಾನೂ ಹಾಗೇ ಕೂತಿದ್ದೆ. ಆಕ್ಸಿಡೆಂಟ್ ಡೋನರ್, 60 ಕೆಜಿ, ಎಚ್‌ಐವಿ, ಎಚ್‌ಬಿವಿ, ಎಚ್‌ಸಿವಿ (ಕೊನೇ ಎರಡು ಹೆಪಟೈಟಿಸ್ ಬಿ, ಸಿ ವೈರಸ್) ಎಲ್ಲಾ ನಾನ್ ರಿಯಾಕ್ಟಿವ್ ಅಂದ್ರೆ ನೆಗೆಟಿವ್, ವೈರಸ್ಸಿನ ಜೀನನ್ನೇ ಹುಡುಕೋ ನ್ಯಾಟ್ ಟೆಸ್ಟೂ ಕ್ಲೀನು, ಮೂಳೆಗಳು ಮೈನಸ್ 80ರ ಕ್ವಾರಂಟೈನ್‌ನಲ್ಲಿ, ಮ್ಯಾನೇಜರ್ ಬೆಳಗ್ಗೆಯಿಂದ ಮೂರು ಸಲ "ಆಯ್ತಾ?" ಅಂದಾಗಿತ್ತು. ಸೈನ್ ಹಾಕೋಕೆ ಪೆನ್ ಎತ್ತಿದೀನಿ, ಪಕ್ಕದ ಸೀನಿಯರ್ ತಲೆ ಎತ್ತದೇನೇ ಕೇಳಿದ್ರು, "ಸ್ಯಾಂಪಲ್ ಎಷ್ಟು ಗಂಟೆದು?"

ಸತ್ತಮೇಲೆ ತೆಗೆದಿದ್ದು. ಅದೇನ್ ತಪ್ಪಲ್ಲ. ಆದ್ರೆ ಫಾರ್ಮಲ್ಲಿ ಟ್ರಾನ್ಸ್‌ಫ್ಯೂಷನ್ (ರಕ್ತ ಹಾಕಿದ್ದಾರಾ) ಮುಂದೆ ಹೌದು ಅಂತ ಟಿಕ್, ಎಷ್ಟು ಅನ್ನೋ ಕಾಲಂ ಖಾಲಿ. ಆ ಖಾಲಿ ಜಾಗ ನನ್ ಕಣ್ಣಿಗೆ ಬಿದ್ದಿತ್ತು ಕಣ್ರೀ, ನ್ಯಾಟ್ ನೆಗೆಟಿವ್ ಇದ್ಯಲ್ಲ ಅಂತ ದಾಟ್ಕೊಂಡ್ ಹೋಗಿದ್ದೆ, ಈಗ್ಲೂ ಚುಚ್ಚೋದು ಅದೇ.

ಚಾರ್ಟ್ ತರಿಸಿದ್ರೆ ಸಾಯೋ ಮುಂಚಿನ 48 ಗಂಟೇಲಿ ಪ್ಯಾಕ್ಡ್ ಸೆಲ್ (ಬೇರೆಯವರು ದಾನ ಕೊಟ್ಟ ಕೆಂಪು ರಕ್ತಕಣ) 10 ಯೂನಿಟ್, 300 ಎಂಎಲ್ ಲೆಕ್ಕದಲ್ಲಿ 3000, ಕೊನೇ ಒಂದು ಗಂಟೇಲಿ ಸಲೈನ್ 1500. 60 ಕೆಜಿ ಮೈಯಲ್ಲಿ ಇರೋ ರಕ್ತಾನೇ ಸುಮಾರು 4000! ಅವನದೇ ಆಂಟಿಬಾಡಿ, ವೈರಸ್ ಏನಾದ್ರೂ ಇದ್ರೂ ತೆಳ್ಳಗಾಗಿ ಮಷೀನಿಗೆ ಸಿಗದೇ ಹೋಗಬಹುದು. ನಾವು ಟೆಸ್ಟ್ ಮಾಡಿದ್ದು ಬಹುಪಾಲು ಯಾರ್ಯಾರದೋ ರಕ್ತ, ಸಲೈನು. ಇಂಡಕ್ಷನ್‌ನಲ್ಲಿ ಹೇಳ್ಕೊಟ್ಟ 1985ರ ಅಮೆರಿಕದ ಕೇಸ್ ನೆನಪಾಯ್ತು, ಅಲ್ಲಿ ಕಾರಣ ವಿಂಡೋ ಪೀರಿಯಡ್ಡು (ಸೋಂಕು ತಗುಲಿದ್ರೂ ಟೆಸ್ಟಲ್ಲಿ ಇನ್ನೂ ಕಾಣದ ಹೊತ್ತು), ಆದ್ರೆ ರಿಪೋರ್ಟ್ ಹೀಗೇ ನೆಗೆಟಿವ್, ಆ ಡೋನರ್‌ನ ಅಂಗ, ಮೂಳೆ ಪಡೆದ ಏಳು ಜನಕ್ಕೆ ಎಚ್‌ಐವಿ ಹತ್ತಿತ್ತು, ಅದರಲ್ಲಿ ಮೂರು ಜನ ಪ್ರೊಸೆಸ್ ಆಗದ ಫ್ರೋಜನ್ ಮೂಳೆ ಹಾಕಿಸ್ಕೊಂಡೋರು. ನಮ್ಮ ಫ್ರೀಜರಲ್ಲಿ ಇದ್ದಿದ್ದೂ ಅದೇ ಥರದ್ದು.

ಆಸ್ಪತ್ರೆ ಬ್ಲಡ್ ಬ್ಯಾಂಕಿಗೆ ಫೋನ್ ಹಚ್ಚಿದೆ, ಕ್ರಾಸ್‌ಮ್ಯಾಚ್ ಟ್ಯೂಬ್, ಅಂದ್ರೆ ರಕ್ತ ಹಾಕೋ ಮುಂಚೆ ಹೊಂದುತ್ತಾ ನೋಡೋಕೆ ತೆಗೆದ ಅವನದೇ ರಕ್ತ, ಇನ್ನೂ ಇಟ್ಟಿದೀರಾ ಅಂತ. "ಲೈನಲ್ಲಿರಿ" ಅಂದ್ರು. ಫ್ರಿಜ್ ಬಾಗಿಲು ತೆಗೆದ ಸದ್ದು, ರ‍್ಯಾಕ್ ಎಳೆದ ಸದ್ದು, ಆಮೇಲೆ ಏನೂ ಇಲ್ಲ. ಪಾಪ ಹುಡುಕ್ತಾ ಇದ್ರು, ನಾನಿಲ್ಲಿ ಬೆವರ್ತಾ ಇದ್ದೆ. ಕೊನೆಗೆ ಸಿಕ್ತು, ಲೇಬಲ್ ಮೇಲಿನ ಟೈಮು ಮೊದಲನೇ ಬ್ಯಾಗಿಗಿಂತ 12 ನಿಮಿಷ ಮುಂಚೆ.

ಅದೂ ನೆಗೆಟಿವ್ವೇ ಬಂತು. ಮ್ಯಾನೇಜರ್ "ನೋಡಿದ್ರಾ, ಎರಡು ದಿನ ಸುಮ್ನೆ ಲೇಟ್ ಆಯ್ತು" ಅಂದ್ರು. ವಾಲ್ಯೂಮ್ ಕಾಲಂ ಖಾಲಿ ಬಿಟ್ರೆ ಫೈಲ್ ಮುಂದಕ್ಕೆ ಹೋಗದಂಗೆ ಸಾಫ್ಟ್‌ವೇರಲ್ಲಿ ಲಾಕ್ ಹಾಕ್ಸಿ ಅಂತ ಮೇಲ್ ಹಾಕಿದೀನಿ, ಟಿಕೆಟ್ ಇನ್ನೂ ಓಪನ್ನೇ ಇದೆ, ಅಲ್ಲಿವರೆಗೂ ಕೆಂಪು ಪೆನ್ನು ನನ್ ಜೇಬಲ್ಲೇ.